ಹೆಸರಿನ ಪಟ್ಟಿಯೋ, ಕೀಲಿಕೈಯೋ? ಕಂಪ್ಯೂಟರ್ ಕಾವಲಿನ ಅರವತ್ತು ವರ್ಷ



ಕಾವಲು ಕಾಯುವುದಕ್ಕೆ ಎರಡು ಪದ್ಧತಿಗಳಿವೆ. ಎರಡನ್ನೂ ನಾವು ಊರಿನಲ್ಲೇ ನೋಡಿದ್ದೇವೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತಿರುವ ವಾಚ್‌ಮನ್ "ಯಾರು ನೀವು, ಯಾವ ಮನೆಗೆ?" ಎಂದು ಕೇಳುತ್ತಾನೆ. ಹೆಸರು ಬರೆಸಿಕೊಳ್ಳುತ್ತಾನೆ, ಪಟ್ಟಿ ನೋಡುತ್ತಾನೆ, ಆಮೇಲೆ ಒಳಗೆ ಬಿಡುತ್ತಾನೆ. ಇದು ಒಂದು ಪದ್ಧತಿ. ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ನಡೆಯುವುದು ಇನ್ನೊಂದು. ಅಲ್ಲಿ ಯಾರೂ ನಿಮ್ಮ ಹೆಸರು ಕೇಳುವುದಿಲ್ಲ. ಒಂದು ಟೋಕನ್ ಕೊಡುತ್ತಾರೆ, ಅಷ್ಟೆ. ವಾಪಸು ಬಂದು ಟೋಕನ್ ಕೊಟ್ಟರೆ ಆ ಸಂಖ್ಯೆಯ ಗೂಡಿನಲ್ಲಿರುವ ಚಪ್ಪಲಿ ಸಿಗುತ್ತದೆ. ನೀವೇ ಹೋಗಬೇಕೆಂದಿಲ್ಲ, ಮಗಳ ಕೈಯಲ್ಲಿ ಟೋಕನ್ ಕೊಟ್ಟು ಕಳಿಸಿದರೂ ಸಿಗುತ್ತದೆ. ಆದರೆ ಆ ಟೋಕನ್ನಿನಿಂದ ಪಕ್ಕದ ಗೂಡಿನ ಚಪ್ಪಲಿ ಸಿಗುವುದಿಲ್ಲ.

ಮೊದಲನೆಯದರಲ್ಲಿ ಕೇಳುವ ಪ್ರಶ್ನೆ "ನೀನು ಯಾರು?" ಎರಡನೆಯದರಲ್ಲಿ ಕೇಳುವುದು "ನಿನ್ನ ಕೈಯಲ್ಲಿ ಏನಿದೆ?" ಕಂಪ್ಯೂಟರನ್ನು ಕಾಯಲು ಈ ಎರಡರಲ್ಲಿ ಯಾವುದು ಸರಿ ಎಂಬ ಚರ್ಚೆ ಸುಮಾರು ಅರವತ್ತು ವರ್ಷಗಳಿಂದ ನಡೆದಿದೆ. ಬಹುಪಾಲು ಕಡೆ ಗೆದ್ದದ್ದು ವಾಚ್‌ಮನ್ನನ ಪಟ್ಟಿ. ಟೋಕನ್ನಿನ ಪದ್ಧತಿ ಸೋತಿತು, ಮರೆಯಾಯಿತು, ಈಗ ಬೇರೆ ಬೇರೆ ಬಾಗಿಲುಗಳಿಂದ ಮತ್ತೆ ಒಳಗೆ ಬರುತ್ತಿದೆ. ಊರಿನಲ್ಲಿರುವ ಅಪ್ಪ ಅಮ್ಮನ ಬ್ಯಾಂಕಿನ ಪಾಸ್‌ವರ್ಡನ್ನು ಇಲ್ಲಿ ಕೂತು ಇಟ್ಟುಕೊಂಡಿರುವ ನಮ್ಮಂಥವರಿಗೆ ಈ ಚರಿತ್ರೆ ದೂರದ್ದೇನಲ್ಲ. ಅದು ಹೇಗೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

ಕಥೆ ಶುರುವಾಗುವುದು ಅಮೆರಿಕದ ಎಂಐಟಿಯಲ್ಲಿ. ಅಲ್ಲಿಯವರೆಗೆ ಒಂದು ಕಂಪ್ಯೂಟರಿಗೆ ಒಂದು ಸಲಕ್ಕೆ ಒಬ್ಬರದೇ ಕೆಲಸ. ಒಬ್ಬರದು ಮುಗಿದ ಮೇಲೆ ಇನ್ನೊಬ್ಬರ ಕಾರ್ಡುಗಳ ಕಟ್ಟು. 1961ರಲ್ಲಿ ಫರ್ನಾಂಡೊ ಕೋರ್ಬಾಟೊ ಮತ್ತು ಅವರ ಸಂಗಡಿಗರು ಸಿಟಿಎಸ್ಎಸ್ ಎಂಬ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಒಂದೇ ಯಂತ್ರದ ಸಮಯವನ್ನು ಚೂರುಚೂರಾಗಿ ಹಂಚಿ, ಹಲವರು ಒಟ್ಟಿಗೆ ಕೆಲಸ ಮಾಡುವಂತೆ ಮಾಡಿದ ಟೈಮ್‌ಶೇರಿಂಗ್ ಅದು. ಹಲವರು ಒಂದೇ ಮನೆಯಲ್ಲಿ ಇರತೊಡಗಿದ ಕೂಡಲೇ ಯಾರ ಪೆಟ್ಟಿಗೆ ಯಾರದು ಎಂಬ ಪ್ರಶ್ನೆ ಬಂತು. ಅದಕ್ಕೆ ಅವರು ಕಂಡುಕೊಂಡ ಉಪಾಯ ಪಾಸ್‌ವರ್ಡ್. ಒಬ್ಬೊಬ್ಬರಿಗೆ ಒಂದು ಹೆಸರು, ಹೆಸರಿಗೊಂದು ಗುಟ್ಟಿನ ಮಾತು.

ಆ ಗುಟ್ಟು ಬಹಳ ದಿನ ಉಳಿಯಲಿಲ್ಲ. 1962ರಲ್ಲಿ ಆಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ತನಗೆ ಹಂಚಿಕೆಯಾದ ಕಂಪ್ಯೂಟರ್ ಸಮಯ ಸಾಲುತ್ತಿರಲಿಲ್ಲ. ಆತ ಪಾಸ್‌ವರ್ಡುಗಳ ಕಡತವನ್ನೇ ಮುದ್ರಿಸಿಕೊಡುವಂತೆ ಒಂದು ಕಾರ್ಡು ಹಾಕಿದ. ಯಂತ್ರ ಮರುಮಾತಿಲ್ಲದೆ ಮುದ್ರಿಸಿ ಕೊಟ್ಟಿತು. ಬೇರೆಯವರ ಹೆಸರಿನಲ್ಲಿ ಒಳಹೊಕ್ಕು ಕೆಲಸ ಮುಂದುವರಿಸಿದ. ತಾನೇ ಮಾಡಿದ್ದು ಎಂದು ಒಪ್ಪಿಕೊಂಡದ್ದು ಎಷ್ಟೋ ವರ್ಷಗಳ ನಂತರ.

ಅದೇ ವ್ಯವಸ್ಥೆಯಲ್ಲಿ 1960ರ ದಶಕದ ಮಧ್ಯದಲ್ಲಿ ನಡೆದ ಇನ್ನೊಂದು ಪ್ರಸಂಗ ಇದಕ್ಕಿಂತ ಬೋಧಪ್ರದ. ಒಂದು ದಿನ ಲಾಗಿನ್ ಆದವರಿಗೆಲ್ಲ ಆ ದಿನದ ಪ್ರಕಟಣೆಯ ಬದಲು ಎಲ್ಲ ಬಳಕೆದಾರರ ಪಾಸ್‌ವರ್ಡುಗಳು ತೆರೆಯ ಮೇಲೆ, ಅಂದರೆ ಆಗಿನ ಟೈಪ್‌ರೈಟರಿನ ಕಾಗದದ ಮೇಲೆ, ಮೂಡತೊಡಗಿದವು. ಯಾರೂ ಕನ್ನ ಹಾಕಿರಲಿಲ್ಲ. ಇಬ್ಬರು ನಿರ್ವಾಹಕರು ಒಂದೇ ಹೊತ್ತಿನಲ್ಲಿ ಎರಡು ಕಡತ ತಿದ್ದುತ್ತಿದ್ದರು. ಒಬ್ಬರು ಪ್ರಕಟಣೆಯನ್ನು, ಇನ್ನೊಬ್ಬರು ಪಾಸ್‌ವರ್ಡ್ ಪಟ್ಟಿಯನ್ನು. ತಿದ್ದುವ ಪ್ರೋಗ್ರಾಮು ತನ್ನ ತಾತ್ಕಾಲಿಕ ಕಡತಕ್ಕೆ ಯಾವಾಗಲೂ ಒಂದೇ ಹೆಸರು ಇಡುತ್ತಿತ್ತು. ಹೆಸರು ಒಂದೇ ಆದದ್ದರಿಂದ ಒಳಗಿನ ವಸ್ತು ಅದಲುಬದಲಾಯಿತು. ಕೋರ್ಬಾಟೊ ಅವರಿಗೆ 1990ರ ಟ್ಯೂರಿಂಗ್ ಪ್ರಶಸ್ತಿ ಬಂದಾಗ ಮಾಡಿದ ಉಪನ್ಯಾಸದಲ್ಲಿ ಅವರೇ ಇದನ್ನು ಹೇಳಿದ್ದಾರೆ. ಇಲ್ಲಿ ಗಮನಿಸಬೇಕಾದ ಮಾತು ಒಂದೇ. ಹೆಸರು ಬೇರೆ, ವಸ್ತು ಬೇರೆ. ಹೆಸರನ್ನು ನಂಬಿ ವಸ್ತುವನ್ನು ಕೊಟ್ಟರೆ ಎಡವಟ್ಟಾಗಬಹುದು.

ಸಿಟಿಎಸ್ಎಸ್ ಆದ ಮೇಲೆ ಬಂದದ್ದು ಮಲ್ಟಿಕ್ಸ್. ಎಂಐಟಿ, ಬೆಲ್ ಲ್ಯಾಬ್ಸ್, ಜನರಲ್ ಎಲೆಕ್ಟ್ರಿಕ್ ಸೇರಿ ಕಟ್ಟಿದ ದೊಡ್ಡ ವ್ಯವಸ್ಥೆ. ಅದರಲ್ಲಿ ಪ್ರತಿಯೊಂದು ಕಡತದ ಪಕ್ಕದಲ್ಲೂ ಒಂದು ಪಟ್ಟಿ ಇತ್ತು: ಇಂಥವರು ಓದಬಹುದು, ಇಂಥವರು ಬರೆಯಬಹುದು. ಇದನ್ನು ಆಕ್ಸೆಸ್ ಕಂಟ್ರೋಲ್ ಲಿಸ್ಟ್ ಎನ್ನುತ್ತಾರೆ. ನಾವು ಹೆಸರಿನ ಪಟ್ಟಿ ಎನ್ನೋಣ. ನಮ್ಮ ವಾಚ್‌ಮನ್ನನ ಪುಸ್ತಕವೇ ಅದು.

ಅದೇ ಎಂಐಟಿಯಲ್ಲಿ, ಅದೇ ಹೊತ್ತಿನಲ್ಲಿ, ಜ್ಯಾಕ್ ಡೆನಿಸ್ ಮತ್ತು ಅರ್ಲ್ ವ್ಯಾನ್ ಹಾರ್ನ್ ಎಂಬಿಬ್ಬರು ಬೇರೆ ದಾರಿ ಯೋಚಿಸಿದರು. 1966ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಕೇಪಬಿಲಿಟಿ ಎಂಬ ಪದ ಬಂತು. ಅವರ ಯೋಚನೆ ಹೀಗಿತ್ತು. ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಮಿನ ಬಳಿಯೂ ಒಂದು ಗೊಂಚಲು ಇರಲಿ. ಆ ಗೊಂಚಲಿನಲ್ಲಿರುವ ಒಂದೊಂದೂ ಒಂದು ವಸ್ತುವನ್ನು ತೋರಿಸಲಿ, ಆ ವಸ್ತುವಿನ ಮೇಲೆ ಏನು ಮಾಡಬಹುದು ಎಂಬುದನ್ನೂ ಹೇಳಲಿ. ಗೊಂಚಲಿನಲ್ಲಿ ಇಲ್ಲದ್ದನ್ನು ಆ ಪ್ರೋಗ್ರಾಮು ಮುಟ್ಟಲಾರದು. ಮುಟ್ಟುವುದಿರಲಿ, ಅದರ ಹೆಸರು ಹೇಳುವುದಕ್ಕೂ ಆಗದು.

ಮುಂದೆ ಕೀಕಾಸ್ ಎಂಬ ವ್ಯವಸ್ಥೆ ಕಟ್ಟಿದವರು ಕೇಪಬಿಲಿಟಿಯನ್ನು ಕೀ ಎಂದೇ ಕರೆದರು. ನಾವೂ ಇನ್ನು ಮುಂದೆ ಕೀಲಿಕೈ ಎನ್ನೋಣ. ಆದರೆ ಇದು ಮನೆಯ ಕೀಲಿಕೈಗಿಂತ ಮೂರು ವಿಷಯದಲ್ಲಿ ಬೇರೆ. ಮೊದಲನೆಯದು, ಇದು ಬರೀ ಬೀಗ ತೆಗೆಯುವುದಿಲ್ಲ, ಯಾವ ಬಾಗಿಲು ಎಂಬುದನ್ನೂ ತಾನೇ ತೋರಿಸುತ್ತದೆ. ವಿಳಾಸವೂ ಅಧಿಕಾರವೂ ಒಂದರಲ್ಲೇ ಇರುತ್ತವೆ. ಎರಡನೆಯದು, ಇದನ್ನು ಯಾರೂ ನಕಲಿ ಮಾಡಲಾರರು. ಕೀಲಿಕೈಗಳು ಇರುವುದು ಆಪರೇಟಿಂಗ್ ಸಿಸ್ಟಮ್ಮಿನ ಅಥವಾ ಯಂತ್ರಾಂಶದ ಹಿಡಿತದಲ್ಲಿ. ಪ್ರೋಗ್ರಾಮು ಅದನ್ನು ಬಳಸಬಹುದು, ಬೇರೆಯವರಿಗೆ ಕೊಡಬಹುದು, ಆದರೆ ತಾನೇ ಒಂದನ್ನು ಕೆತ್ತಲಾರದು. ಮೂರನೆಯದು, ಕೊಡುವಾಗ ಅಧಿಕಾರವನ್ನು ಕಡಿಮೆ ಮಾಡಿ ಕೊಡಬಹುದು. ನನ್ನ ಬಳಿ ಓದುವ, ಬರೆಯುವ ಕೀಲಿಕೈ ಇದ್ದರೆ ನಿಮಗೆ ಓದುವುದಷ್ಟನ್ನೇ ಕೊಡಬಹುದು.

1971ರಲ್ಲಿ ಬಟ್ಲರ್ ಲ್ಯಾಂಪ್ಸನ್ ಈ ಎರಡೂ ಪದ್ಧತಿಗಳನ್ನು ಒಂದೇ ಕೋಷ್ಟಕದಲ್ಲಿ ಬರೆದು ತೋರಿಸಿದರು. ಸಾಲುಗಳಲ್ಲಿ ಕೆಲಸ ಮಾಡುವವರು, ಕಂಬಗಳಲ್ಲಿ ವಸ್ತುಗಳು, ಎರಡೂ ಸೇರುವ ಮನೆಯಲ್ಲಿ ಏನೇನು ಮಾಡಬಹುದು ಎಂಬ ಗುರುತು. ಕಂಬ ಕಂಬವಾಗಿ ಕತ್ತರಿಸಿ ಒಂದೊಂದು ವಸ್ತುವಿಗೆ ಅಂಟಿಸಿದರೆ ಅದು ಹೆಸರಿನ ಪಟ್ಟಿ. ಸಾಲು ಸಾಲಾಗಿ ಕತ್ತರಿಸಿ ಒಬ್ಬೊಬ್ಬರ ಕೈಗೆ ಕೊಟ್ಟರೆ ಅದು ಕೀಲಿಕೈಗೊಂಚಲು. ಹೀಗೆ ನೋಡಿದರೆ ಎರಡೂ ಒಂದೇ, ಬರೀ ಕತ್ತರಿಸುವ ದಿಕ್ಕು ಬೇರೆ ಎನ್ನಿಸುತ್ತದೆ. ಪಠ್ಯಪುಸ್ತಕಗಳೂ ಹಾಗೇ ಕಲಿಸುತ್ತ ಬಂದವು. ನಿಂತ ಚಿತ್ರದಲ್ಲಿ ಅದು ನಿಜ. ಆದರೆ ಕಂಪ್ಯೂಟರ್ ನಿಂತ ಚಿತ್ರ ಅಲ್ಲ. ಅಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು, ಅವರ ಪರವಾಗಿ ಮತ್ತೊಬ್ಬರು ಕೆಲಸ ಮಾಡುತ್ತಿರುತ್ತಾರೆ. ಆಗ ಏನಾಗುತ್ತದೆ ಎಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಿದವರು ನಾರ್ಮ್ ಹಾರ್ಡಿ.

ಹಾರ್ಡಿ 1988ರಲ್ಲಿ ಒಂದು ಚಿಕ್ಕ ಲೇಖನ ಬರೆದರು. ಸಣ್ಣಪುಟ್ಟ ವಿವರ ಬದಲಿಸಿದ, ಬಹುಮಟ್ಟಿಗೆ ನಿಜವಾದ ಕಥೆ ಅದು. ಸುಮಾರು ಹನ್ನೊಂದು ವರ್ಷ ಹಿಂದೆ, ಕಂಪ್ಯೂಟರ್ ಸಮಯವನ್ನು ಮಾರುವ ಒಂದು ಕಂಪನಿಯಲ್ಲಿ ನಡೆದದ್ದು. ಅಲ್ಲೊಂದು ಫೋರ್ಟ್ರಾನ್ ಕಂಪೈಲರ್ ಇತ್ತು. ಗಿರಾಕಿಗಳು ಅದನ್ನು ಓಡಿಸುವಾಗ, ದೋಷ ಹುಡುಕಲು ನೆರವಾಗುವ ಮಾಹಿತಿಯನ್ನು ಇಂಥ ಕಡತಕ್ಕೆ ಬರೆ ಎಂದು ಕಡತದ ಹೆಸರು ಕೊಡಬಹುದಿತ್ತು. ಕಂಪನಿಯವರಿಗೆ ತಮ್ಮ ಕಂಪೈಲರಿನ ಯಾವ ಸೌಲಭ್ಯವನ್ನು ಜನ ಎಷ್ಟು ಬಳಸುತ್ತಾರೆ ಎಂಬ ಲೆಕ್ಕ ಬೇಕಿತ್ತು. ಅದಕ್ಕಾಗಿ ಕಂಪೈಲರಿಗೆ ತಾನಿರುವ ಸಿಸ್‌ಎಕ್ಸ್ ಎಂಬ ಫೋಲ್ಡರಿನೊಳಗೆ ಬರೆಯುವ ಅಧಿಕಾರ ಕೊಟ್ಟರು. ಅದೇ ಫೋಲ್ಡರಿನಲ್ಲಿ ಗಿರಾಕಿಗಳ ಬಿಲ್ಲಿನ ಲೆಕ್ಕದ ಕಡತವೂ ಇತ್ತು. ಒಬ್ಬ ಗಿರಾಕಿ ಆ ಬಿಲ್ಲಿನ ಕಡತದ ಹೆಸರನ್ನೇ ಕೊಟ್ಟ. ಕಂಪೈಲರ್ ಹೇಳಿದ ಮಾತು ಕೇಳಿತು. ಬಿಲ್ಲಿನ ಲೆಕ್ಕವೆಲ್ಲ ಅಳಿಸಿಹೋಗಿ ಅದರ ಮೇಲೆ ದೋಷದ ಮಾಹಿತಿ ಕೂತಿತು.

ತಪ್ಪು ಯಾರದು? ಗಿರಾಕಿಗೆ ಬಿಲ್ಲಿನ ಕಡತವನ್ನು ಮುಟ್ಟುವ ಅಧಿಕಾರ ಇರಲಿಲ್ಲ. ಹೆಸರಿನ ಪಟ್ಟಿ ಆ ಮಟ್ಟಿಗೆ ಸರಿಯಾಗಿಯೇ ಇತ್ತು. ಕಂಪೈಲರಿಗೆ ಅಧಿಕಾರ ಇತ್ತು, ಅದೂ ಒಳ್ಳೆಯ ಕಾರಣಕ್ಕೆ ಕೊಟ್ಟದ್ದು. ಕಂಪೈಲರಿಗೆ ದುರುದ್ದೇಶವೂ ಇರಲಿಲ್ಲ. ಆದರೆ ಅದು ಇಬ್ಬರು ಯಜಮಾನರ ಆಳು. ಒಬ್ಬ ಯಜಮಾನ ಹೆಸರು ಹೇಳಿದ, ಇನ್ನೊಬ್ಬ ಯಜಮಾನ ಅಧಿಕಾರ ಕೊಟ್ಟಿದ್ದ. ಒಬ್ಬನ ಮಾತಿಗೆ ಇನ್ನೊಬ್ಬನ ಅಧಿಕಾರ ಕೂಡಿಕೊಂಡಿತು. ಯಾರ ಪರವಾಗಿ ಬರೆಯುತ್ತಿದ್ದೇನೆ ಎಂದು ತಿಳಿಯುವ ದಾರಿಯೇ ಆಳಿಗೆ ಇರಲಿಲ್ಲ. ಹಾರ್ಡಿ ಇದನ್ನು ಗೊಂದಲಕ್ಕೆ ಬಿದ್ದ ಪ್ರತಿನಿಧಿ ಎಂದು ಕರೆದರು. ಇಂದಿಗೂ ಭದ್ರತೆಯ ಪಾಠದಲ್ಲಿ ಆ ಹೆಸರೇ ನಡೆಯುತ್ತದೆ.

ಇದಕ್ಕೆ ಸುಲಭವಾಗಿ ತೋಚುವ ಪರಿಹಾರ, ಕಂಪೈಲರೇ ಹೆಸರನ್ನು ಪರೀಕ್ಷಿಸಲಿ ಎಂಬುದು. ಬಿಲ್ಲಿನ ಕಡತದ ಹೆಸರು ಬಂದರೆ ಬೇಡ ಎನ್ನಲಿ. ಆದರೆ ನಾಳೆ ಆ ಫೋಲ್ಡರಿಗೆ ಇನ್ನೊಂದು ಮುಖ್ಯ ಕಡತ ಬರುತ್ತದೆ, ನಾಡಿದ್ದು ಮತ್ತೊಂದು. ಕಂಪೈಲರ್ ಬರೆದವರು ಅದನ್ನೆಲ್ಲ ಎಲ್ಲಿ ನೆನಪಿಟ್ಟುಕೊಳ್ಳುತ್ತಾರೆ? ಕೀಲಿಕೈ ಪದ್ಧತಿಯಲ್ಲಿ ಈ ತೊಡಕೇ ಹುಟ್ಟುವುದಿಲ್ಲ. ಗಿರಾಕಿ ಹೆಸರು ಕೊಡುವುದಿಲ್ಲ, ತನ್ನ ಕಡತದ ಕೀಲಿಕೈಯನ್ನೇ ಕೊಡುತ್ತಾನೆ. ಬಿಲ್ಲಿನ ಕಡತದ ಕೀಲಿಕೈ ಅವನ ಬಳಿ ಇಲ್ಲ, ಹಾಗಾಗಿ ಕೊಡಲಾರ. ಕಂಪೈಲರ್ ಲೆಕ್ಕ ಬರೆಯುವಾಗ ತನ್ನ ಕೀಲಿಕೈ ಬಳಸುತ್ತದೆ, ಗಿರಾಕಿಯ ಕೆಲಸಕ್ಕೆ ಗಿರಾಕಿ ಕೊಟ್ಟದ್ದನ್ನು ಬಳಸುತ್ತದೆ. ಯಾರ ಪರವಾಗಿ ಎಂಬ ಗೊಂದಲಕ್ಕೆ ಜಾಗವೇ ಇಲ್ಲ.

ಇಷ್ಟು ಒಳ್ಳೆಯ ಯೋಚನೆ ಗೆಲ್ಲಲಿಲ್ಲ ಏಕೆ? ಪ್ರಯತ್ನಕ್ಕೇನೂ ಕೊರತೆ ಇರಲಿಲ್ಲ. 1967ರ ಸುಮಾರಿಗೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕೀಲಿಕೈಗಳನ್ನು ಯಂತ್ರದೊಳಗೇ ಕೂರಿಸುವ ಒಂದು ಕಂಪ್ಯೂಟರ್ ಕಟ್ಟಲು ಹೊರಟರು, ಅದು ಪೂರ್ಣವಾಗಲಿಲ್ಲ. ಇಂಗ್ಲೆಂಡಿನ ಪ್ಲೆಸ್ಸಿ ಕಂಪನಿ ಟೆಲಿಫೋನ್ ಎಕ್ಸ್‌ಚೇಂಜುಗಳಿಗಾಗಿ ಸಿಸ್ಟಮ್ 250 ಎಂಬ ಯಂತ್ರ ಮಾಡಿ ಮಾರಿತು. ನಿಜಕ್ಕೂ ಕೆಲಸ ಮಾಡಿದ ಮೊದಲ ಕೀಲಿಕೈ ಯಂತ್ರ ಅದೇ. ಕೇಂಬ್ರಿಡ್ಜಿನಲ್ಲಿ, 1949ರಲ್ಲಿ ಎಡ್ಸ್ಯಾಕ್ ಕಟ್ಟಿದ್ದ ಮಾರಿಸ್ ವಿಲ್ಕ್ಸ್, ಅವರೊಂದಿಗೆ ರೋಜರ್ ನೀಡಮ್, 1970ರ ದಶಕದಲ್ಲಿ ಕ್ಯಾಪ್ ಎಂಬ ಕಂಪ್ಯೂಟರ್ ಕಟ್ಟಿದರು. ಅಮೆರಿಕದ ಕಾರ್ನೆಗಿ ಮೆಲನ್‌ನಲ್ಲಿ ವಿಲಿಯಂ ವುಲ್ಫ್ ತಂಡದ ಹೈಡ್ರಾ ಬಂತು. 1978ರಲ್ಲಿ ಐಬಿಎಂ ಸಿಸ್ಟಮ್ 38 ಪ್ರಕಟಿಸಿತು. ವ್ಯಾಪಾರದಲ್ಲಿ ನಿಂತ ಕೆಲವೇ ಉದಾಹರಣೆಗಳಲ್ಲಿ ಅದೊಂದು.

ದೊಡ್ಡ ಪೆಟ್ಟು ಬಿದ್ದದ್ದು ಇಂಟೆಲ್‌ನಿಂದ. 1981ರಲ್ಲಿ ಅವರು 432 ಎಂಬ ಪ್ರೊಸೆಸರ್ ತಂದರು. ಕೀಲಿಕೈಗಳೂ ಇನ್ನೂ ಹಲವು ಹೊಸ ವಿಚಾರಗಳೂ ಚಿಪ್ಪಿನಲ್ಲೇ ಇದ್ದವು. ಆದರೆ ಅದು ಬಹಳ ನಿಧಾನ. ಮರುವರ್ಷವೇ ಬಂದ ಇಂಟೆಲ್‌ನದೇ ಸಾಮಾನ್ಯ 286 ಚಿಪ್ಪು ಅದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಓಡಿತು. ಆ ನಿಧಾನಕ್ಕೆ ಕೀಲಿಕೈಗಳಿಗಿಂತ ಹೆಚ್ಚಾಗಿ ಕಳಪೆ ಕಂಪೈಲರೂ ವಿನ್ಯಾಸದ ಬೇರೆ ತೀರ್ಮಾನಗಳೂ ಕಾರಣ ಎಂದು ರಾಬರ್ಟ್ ಕಾಲ್ವೆಲ್ ಮುಂತಾದವರು ಆಮೇಲೆ ವಿಶ್ಲೇಷಿಸಿ ತೋರಿಸಿದರು. ಆ ಹೊತ್ತಿಗೆ ಜನರ ಮನಸ್ಸಿನಲ್ಲಿ ಕೀಲಿಕೈ ಎಂದರೆ ನಿಧಾನ ಎಂದು ಕೂತುಬಿಟ್ಟಿತ್ತು.

ಇನ್ನೊಂದು ಕಡೆ ಯುನಿಕ್ಸ್ ಬೆಳೆಯುತ್ತಿತ್ತು. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ 1969ರಿಂದ ಕಟ್ಟಿದ ವ್ಯವಸ್ಥೆ. ಚಿಕ್ಕದು, ಸುಲಭ, ವಿಶ್ವವಿದ್ಯಾಲಯಗಳಿಗೆ ಸುಲಭವಾಗಿ ಸಿಗುತ್ತಿತ್ತು. ಇದರ ಕಾವಲು ಇನ್ನೂ ಸರಳ: ಮಾಲೀಕ, ಅವನ ಗುಂಪು, ಉಳಿದವರು, ಅಷ್ಟೆ. ಪಾಸ್‌ವರ್ಡ್ ಬದಲಿಸುವಂಥ ಕೆಲಸಗಳಿಗೆ, ಪ್ರೋಗ್ರಾಮು ಓಡಿಸಿದವರ ಅಧಿಕಾರದಲ್ಲಿ ಓಡದೆ ತನ್ನ ಮಾಲೀಕರ ಅಧಿಕಾರದಲ್ಲಿ ಓಡುವಂತೆ ಮಾಡುವ ಸೆಟ್‌ಯುಐಡಿ ಎಂಬ ಉಪಾಯವನ್ನು ರಿಚಿ ಕಂಡುಹಿಡಿದರು, 1979ರಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತು. ಜಾಣ ಉಪಾಯ, ನಿಜ. ಆದರೆ ಹಾರ್ಡಿ ಹೇಳಿದ ಗೊಂದಲದ ಪ್ರತಿನಿಧಿ ಹುಟ್ಟುವುದು ಇಂಥ ಕಡೆಯೇ. ಆಶ್ಚರ್ಯವೆಂದರೆ ಅದೇ ಯುನಿಕ್ಸಿನಲ್ಲಿ ಕೀಲಿಕೈಯೂ ಅಡಗಿತ್ತು. ಒಂದು ಕಡತವನ್ನು ತೆರೆದ ಮೇಲೆ ಸಿಗುವ ಫೈಲ್ ಡಿಸ್ಕ್ರಿಪ್ಟರ್ ಎಂಬ ಸಂಖ್ಯೆ ಬಹುಮಟ್ಟಿಗೆ ಕೀಲಿಕೈಯೇ. ಅದು ಒಂದೇ ಕಡತವನ್ನು ತೋರಿಸುತ್ತದೆ, ಹೆಸರನ್ನು ಮತ್ತೆ ಕೇಳುವುದಿಲ್ಲ, ಇನ್ನೊಂದು ಪ್ರೋಗ್ರಾಮಿಗೆ ಕೊಡಲೂಬಹುದು. 2010ರಲ್ಲಿ ಕೇಂಬ್ರಿಡ್ಜಿನ ರಾಬರ್ಟ್ ವಾಟ್ಸನ್ ಮತ್ತು ಜೊತೆಗಾರರು ಪ್ರಕಟಿಸಿದ ಕ್ಯಾಪ್ಸಿಕಮ್ ಈ ಅಡಗಿದ್ದ ಕೀಲಿಕೈಯನ್ನೇ ಹೊರತೆಗೆದು ಫ್ರೀಬಿಎಸ್‌ಡಿಯಲ್ಲಿ ಬಳಕೆಗೆ ತಂದಿತು.

ಸೋಲಿಗೆ ಮೂರನೆಯ ಕಾರಣ ಸರಕಾರದ್ದು. 1983ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಕಂಪ್ಯೂಟರ್ ಭದ್ರತೆಯನ್ನು ಅಳೆಯುವ ಮಾನದಂಡ ಪ್ರಕಟಿಸಿತು. ರಟ್ಟಿನ ಬಣ್ಣದಿಂದ ಅದಕ್ಕೆ ಕಿತ್ತಳೆ ಪುಸ್ತಕ ಎಂದೇ ಹೆಸರು. ಸೇನೆಯವರಿಗೆ ಬೇಕಾದದ್ದು ಯಾರು, ಯಾವ ದರ್ಜೆಯವರು, ಯಾವ ಕಾಗದ ನೋಡಿದರು ಎಂಬ ಲೆಕ್ಕ. ಅವರ ಮಾನದಂಡದಲ್ಲಿ ಹೆಸರಿಗೆ ದೊಡ್ಡ ಜಾಗ. ಮೇಲಿನ ದರ್ಜೆ ಬೇಕೆಂದರೆ ಒಂದೊಂದು ವಸ್ತುವಿಗೂ ಹೆಸರಿನ ಪಟ್ಟಿ ತೋರಿಸಲೇಬೇಕಿತ್ತು. ಕೀಲಿಕೈ ಪದ್ಧತಿಯವರು ಆ ಪರೀಕ್ಷೆಗೆ ತಮ್ಮ ಉತ್ತರವನ್ನು ಬೇರೆಯವರ ಭಾಷೆಯಲ್ಲಿ ಬರೆಯಬೇಕಾಯಿತು.

ಹಾಗೆಂದು ಪಟ್ಟಿಯ ಪರವಾಗಿ ವಾದಿಸಿದವರು ದಡ್ಡರಲ್ಲ. ಅವರ ಆಕ್ಷೇಪಗಳು ಗಟ್ಟಿಯಾಗಿಯೇ ಇದ್ದವು. ಕೀಲಿಕೈ ಕೈಯಿಂದ ಕೈಗೆ ಹೋಗುತ್ತದೆ, ಯಾರ ಯಾರ ಬಳಿ ಇದೆ ಎಂದು ತಿಳಿಯುವುದು ಹೇಗೆ? ಕೊಟ್ಟದ್ದನ್ನು ವಾಪಸು ಪಡೆಯುವುದು ಹೇಗೆ? ಪಟ್ಟಿಯಾದರೆ ಒಂದು ಹೆಸರು ಹೊಡೆದುಹಾಕಿದರೆ ಆಯಿತು. ಈ ಎರಡನೆಯ ಪ್ರಶ್ನೆಗೆ ಡೇವಿಡ್ ರೆಡೆಲ್ 1974ರಲ್ಲೇ ಉತ್ತರ ಕೊಟ್ಟಿದ್ದರು. ಕೀಲಿಕೈಯನ್ನು ನೇರವಾಗಿ ಕೊಡಬೇಡಿ, ನಡುವೆ ಒಬ್ಬ ಮಧ್ಯವರ್ತಿಯನ್ನು ಇಟ್ಟು ಆತನ ಕೀಲಿಕೈ ಕೊಡಿ. ಬೇಡವಾದಾಗ ಮಧ್ಯವರ್ತಿಯನ್ನು ತೆಗೆದುಬಿಟ್ಟರೆ ಆತನ ಮೂಲಕ ಹೋದದ್ದೆಲ್ಲ ಒಟ್ಟಿಗೆ ನಿಲ್ಲುತ್ತದೆ. ಆದರೂ ಕೀಲಿಕೈ ವಾಪಸಾಗುವುದಿಲ್ಲ ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ನಡೆಯುತ್ತಲೇ ಇತ್ತು. 2003ರಲ್ಲಿ ಮಾರ್ಕ್ ಮಿಲ್ಲರ್, ಕಾ ಪಿಂಗ್ ಯೀ, ಜೋನಾಥನ್ ಶಪೀರೊ ಮೂವರೂ ಸೇರಿ ಬರೆದ ಪ್ರಬಂಧ ಈ ಮಿಥ್ಯೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿತು. ಪಟ್ಟಿ ಮತ್ತು ಗೊಂಚಲು ಒಂದೇ ಎಂಬುದೂ ಅವುಗಳಲ್ಲಿ ಒಂದು.

ಈ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಾವಿರುವ ಈ ಆಸ್ಟ್ರೇಲಿಯಾದಲ್ಲೇ ನಡೆಯಿತು. ಸಿಡ್ನಿಯ ನಿಕ್ಟಾ ಸಂಸ್ಥೆಯಲ್ಲಿ ಗೆರ್ನಾಟ್ ಹೈಸರ್, ಗೆರ್ವಿನ್ ಕ್ಲೈನ್ ಮತ್ತು ಅವರ ತಂಡ ಎಸ್‌ಇಎಲ್ 4 ಎಂಬ ಪುಟ್ಟ ಕರ್ನಲ್ ಬರೆದರು. ಸುಮಾರು 8,700 ಸಾಲುಗಳ ಸಿ ಭಾಷೆಯ ಪ್ರೋಗ್ರಾಮು. ಅದರಲ್ಲಿ ಎಲ್ಲ ಅಧಿಕಾರವೂ ಕೀಲಿಕೈಗಳ ಮೂಲಕವೇ. 2009ರಲ್ಲಿ ಅವರು ಈ ಪ್ರೋಗ್ರಾಮು ತನ್ನ ವಿವರಣೆಯಂತೆಯೇ ನಡೆಯುತ್ತದೆ ಎಂದು ಗಣಿತದಿಂದ, ಯಂತ್ರವೇ ಪರಿಶೀಲಿಸಿದ ಸಾಧನೆಯಿಂದ, ತೋರಿಸಿಕೊಟ್ಟರು. ಅಮೆರಿಕದ ಡಾರ್ಪಾ ಯೋಜನೆಯೊಂದರಲ್ಲಿ ಬೋಯಿಂಗ್‌ನ ಮಾನವರಹಿತ ಹೆಲಿಕಾಪ್ಟರಿಗೆ ಇದನ್ನು ಹಾಕಿ, ದಾಳಿ ಮಾಡುವ ತಜ್ಞರಿಗೆ ಅದರೊಳಗಿನ ಒಂದು ಭಾಗವನ್ನು ಮೊದಲೇ ಬಿಟ್ಟುಕೊಟ್ಟು, ಇನ್ನು ಮುಂದೆ ಹೋಗಿ ನೋಡಿ ಎಂದರು. ಆ ಕೋಣೆಯಿಂದ ಹಾರಾಟದ ನಿಯಂತ್ರಣದ ಕಡೆಗೆ ಅವರು ದಾಟಲಾಗಲಿಲ್ಲ. ಕಳ್ಳ ಒಳಗೆ ಬಂದರೂ ಅವನ ಕೈಯಲ್ಲಿ ಆ ಕೋಣೆಯ ಕೀಲಿಕೈ ಮಾತ್ರ ಇತ್ತು.

ಕೇಂಬ್ರಿಡ್ಜಿಗೂ ಈ ವಿಚಾರ ಮರಳಿ ಬಂತು. ಮಲ್ಟಿಕ್ಸಿನ ಕಾಲದಿಂದ ಈ ಕ್ಷೇತ್ರದಲ್ಲಿದ್ದ ಎಸ್‌ಆರ್‌ಐ ಸಂಸ್ಥೆಯ ಪೀಟರ್ ನ್ಯೂಮನ್, ಕೇಂಬ್ರಿಡ್ಜಿನ ರಾಬರ್ಟ್ ವಾಟ್ಸನ್, ಸೈಮನ್ ಮೂರ್ ಸೇರಿ 2010ರಿಂದ ಚೆರಿ ಎಂಬ ಯೋಜನೆ ನಡೆಸಿದರು. ಪ್ರೋಗ್ರಾಮಿನೊಳಗೆ ನೆನಪಿನ ವಿಳಾಸವೊಂದು ಬರೀ ಸಂಖ್ಯೆಯಾಗಿ ಇರುತ್ತದಲ್ಲ, ಅದನ್ನೇ ಗಡಿಯೂ ಅನುಮತಿಯೂ ಇರುವ, ನಕಲಿ ಮಾಡಲಾಗದ ಕೀಲಿಕೈಯಾಗಿ ಮಾಡುವುದು ಅದರ ಗುರಿ. 2019ರಲ್ಲಿ ಮೈಕ್ರೋಸಾಫ್ಟ್ ತಾನು ಪ್ರತಿವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು 70 ಪ್ರತಿಶತ ಇಂಥ ನೆನಪಿನ ಎಡವಟ್ಟಿನವು ಎಂದು ಹೇಳಿತ್ತು. 2022ರ ಜನವರಿಯಲ್ಲಿ ಆರ್ಮ್ ಕಂಪನಿ ಚೆರಿ ಇರುವ ಮೊರೆಲ್ಲೊ ಎಂಬ ಪ್ರಾಯೋಗಿಕ ಬೋರ್ಡುಗಳನ್ನು ಹೊರತಂದಿತು. 432 ಸೋತ ನಲವತ್ತು ವರ್ಷಗಳ ನಂತರ ಕೀಲಿಕೈ ಮತ್ತೆ ಚಿಪ್ಪಿನೊಳಗೆ ಬಂತು.

ಇದೆಲ್ಲ ತಜ್ಞರ ವಿಷಯ, ನಮಗೇನು ಎನ್ನಬೇಡಿ. ನಿಮ್ಮ ಕಂಪ್ಯೂಟರಿನಲ್ಲಿ ನೀವೊಂದು ಆಟದ ಪ್ರೋಗ್ರಾಮು ಹಾಕಿದರೆ, ಹಳೆಯ ಪದ್ಧತಿಯ ಪ್ರಕಾರ ಅದು ಓಡುವುದು ನಿಮ್ಮ ಹೆಸರಿನಲ್ಲಿ. ನೀವು ಏನೇನು ಮಾಡಬಹುದೋ ಅದೆಲ್ಲವನ್ನೂ ಅದೂ ಮಾಡಬಹುದು. ಇಸ್ಪೀಟು ಆಡಲು ಬಂದ ಅತಿಥಿಗೆ ಬೀರುವಿನ ಕೈಯನ್ನೂ ಕೊಟ್ಟಂತೆ. ಪಟ್ಟಿಯಲ್ಲಿ ಇರುವುದು ನಿಮ್ಮ ಹೆಸರು, ಪ್ರೋಗ್ರಾಮಿನದಲ್ಲ. ಕಂಪ್ಯೂಟರಿನಲ್ಲಿ ಯಾವತ್ತೂ ಕೈಯಾಡಿಸುವುದು ಪ್ರೋಗ್ರಾಮೇ ಹೊರತು ಮನುಷ್ಯ ಅಲ್ಲ ಎಂಬುದನ್ನು ಹೆಸರಿನ ಪಟ್ಟಿ ಮರೆತುಬಿಡುತ್ತದೆ.

ಮೊಬೈಲಿನಲ್ಲಿ ಇದು ನಿಧಾನವಾಗಿ ಬದಲಾಗುತ್ತಿದೆ. ಮೊದಲೆಲ್ಲ ಒಂದು ಫೋಟೋ ಕಳಿಸಬೇಕೆಂದರೆ ಆ್ಯಪಿಗೆ ಇಡೀ ಆಲ್ಬಮ್ಮಿನ ಅನುಮತಿ ಕೊಡಬೇಕಿತ್ತು. 2020ರಲ್ಲಿ ಆ್ಯಪಲ್, 2022ರಲ್ಲಿ ಆಂಡ್ರಾಯ್ಡ್ 13, ಆರಿಸಿದ ಫೋಟೋಗಳನ್ನು ಮಾತ್ರ ಕೊಡುವ ದಾರಿ ಮಾಡಿದವು. ನೀವು ಬೆರಳಿಟ್ಟು ಆರಿಸುವುದೇ ಅನುಮತಿ, ಬೇರೆ ಪ್ರಶ್ನೆ ಇಲ್ಲ. ಇದು ಕೀಲಿಕೈ ಪದ್ಧತಿಯ ಮನೋಧರ್ಮವೇ. ಕನ್ನಡ ಸಂಘದ ಮೀಟಿಂಗಿಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವ ಲಿಂಕು, ಲಿಂಕಿದ್ದವರೆಲ್ಲ ಓದಬಹುದಾದ ಡಾಕ್ಯುಮೆಂಟು, ಇವೂ ಒಂದು ಬಗೆಯ ಕೀಲಿಕೈಗಳೇ. ಅವುಗಳ ಅನುಕೂಲವನ್ನೂ ನಾವು ಬಲ್ಲೆವು, ಒಬ್ಬರು ಫಾರ್ವರ್ಡ್ ಮಾಡಿದರೆ ಊರಿಗೆಲ್ಲ ಹೋಗುವ ಅಪಾಯವನ್ನೂ ಬಲ್ಲೆವು. ಚಪ್ಪಲಿಯ ಟೋಕನ್ ಬಿದ್ದುಹೋದರೆ ಸಿಕ್ಕವರಿಗೆ ಸಿಕ್ಕಿತು.

ವೆಬ್ಬಿನಲ್ಲೂ ಇದೇ ಪಾಠ ಕಲಿಯಬೇಕಾಯಿತು. 2007ರ ಸುಮಾರಿನವರೆಗೂ ಹಲವು ತಾಣಗಳು ನಿಮ್ಮ ಸ್ನೇಹಿತರನ್ನು ಹುಡುಕಿಕೊಡುತ್ತೇವೆ, ನಿಮ್ಮ ಇಮೇಲ್ ಪಾಸ್‌ವರ್ಡ್ ಕೊಡಿ ಎಂದು ರಾಜಾರೋಷವಾಗಿ ಕೇಳುತ್ತಿದ್ದವು. ವಿಳಾಸ ಪುಸ್ತಕ ಓದಲು ಇಡೀ ಅಂಚೆಪೆಟ್ಟಿಗೆಯ ಅಧಿಕಾರ. ಆ ವರ್ಷ ಬಂದ ಓಆತ್ ಎಂಬ ಒಪ್ಪಂದ ಪಾಸ್‌ವರ್ಡಿನ ಬದಲು ಇಷ್ಟೇ ಕೆಲಸಕ್ಕೆ ಎಂದು ಬರೆದ, ಬೇಕಾದಾಗ ರದ್ದು ಮಾಡಬಹುದಾದ ಟೋಕನ್ ಕೊಡುವ ದಾರಿ ತೋರಿಸಿತು.

ಈಗ ಮೊದಲು ಹೇಳಿದ ಮಾತಿಗೆ ಬರೋಣ. ನಮ್ಮಲ್ಲಿ ಎಷ್ಟೋ ಜನ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ತಂದೆ ತಾಯಿಯ ಕರೆಂಟು ಬಿಲ್ಲು, ಗ್ಯಾಸು, ಔಷಧಿ ಇದನ್ನೆಲ್ಲ ಇಲ್ಲಿಂದಲೇ ನೋಡಿಕೊಳ್ಳುತ್ತೇವೆ. ಅದಕ್ಕೆ ನಾವು ಮಾಡುವುದೇನು? ಅವರ ಪಾಸ್‌ವರ್ಡ್ ಕೇಳುತ್ತೇವೆ, ಓಟಿಪಿ ಬಂದಾಗ ಫೋನಿನಲ್ಲಿ ಓದಿಸುತ್ತೇವೆ. ಬ್ಯಾಂಕಿನ ಕಣ್ಣಿಗೆ ಆಗ ನಾವು ನಾವಲ್ಲ, ನಾವೇ ಅಪ್ಪ. ಎಂಟುನೂರು ರೂಪಾಯಿ ಬಿಲ್ಲು ಕಟ್ಟುವುದಕ್ಕೆ ಅವರ ಜೀವಮಾನದ ಉಳಿತಾಯದ ಅಧಿಕಾರ ನಮ್ಮ ಕೈಗೆ ಬಂದಿರುತ್ತದೆ. ಅದರಲ್ಲಿ ನಮ್ಮ ನಿಯತ್ತಿನ ಪ್ರಶ್ನೆ ಇಲ್ಲ. ತೊಂದರೆ ಏನೆಂದರೆ, ಪ್ರೀತಿಯ ಮಗನಿಗೆ ಓಟಿಪಿ ಓದಿ ಹೇಳುವುದು ಅಭ್ಯಾಸವಾದ ತಾಯಿಗೆ, ನಾಳೆ ಬ್ಯಾಂಕಿನವರೆಂದು ಹೇಳಿಕೊಂಡು ಫೋನ್ ಮಾಡುವ ವಂಚಕನಿಗೂ ಹೇಳುವುದು ಅಷ್ಟು ವಿಚಿತ್ರ ಎನ್ನಿಸುವುದಿಲ್ಲ. ಸ್ಕ್ರೀನ್ ಹಂಚಿಕೊಳ್ಳುವ ಆ್ಯಪು ಹಾಕಿಸಿ ಹಣ ದೋಚುವ ವಂಚನೆಯಲ್ಲೂ ನಡೆಯುವುದು ಇದೇ. ಅಧಿಕಾರ ತಾಯಿಯದು, ಮಾತು ಇನ್ನೊಬ್ಬನದು. ಹಾರ್ಡಿಯವರ ಕಂಪೈಲರಿನ ಜಾಗದಲ್ಲಿ ನಮ್ಮ ಅಮ್ಮನನ್ನು ಕೂರಿಸಿದ್ದೇವೆ.

ಇದಕ್ಕೆ ಬದಲಿ ಇಲ್ಲವೇ? ಸ್ವಲ್ಪ ಸ್ವಲ್ಪ ಬರುತ್ತಿದೆ. 2024ರಲ್ಲಿ ಭಾರತದಲ್ಲಿ ಯುಪಿಐ ಸರ್ಕಲ್ ಎಂಬ ಸೌಲಭ್ಯ ಬಂತು. ಖಾತೆ ಇರುವವರು ತಮ್ಮವರೊಬ್ಬರಿಗೆ ತಮ್ಮ ಖಾತೆಯಿಂದ ಪಾವತಿ ಮಾಡುವ ಅಧಿಕಾರವನ್ನು ತಿಂಗಳಿಗೆ ಗರಿಷ್ಠ 15,000 ರೂಪಾಯಿಯೊಳಗಿನ ಮಿತಿ ಹಾಕಿ ಕೊಡಬಹುದು, ಅಥವಾ ಪ್ರತಿ ಪಾವತಿಗೂ ತಾವೇ ಒಪ್ಪಿಗೆ ಕೊಡುವಂತೆ ಇಟ್ಟುಕೊಳ್ಳಬಹುದು. ಪಿನ್ ಹಂಚಿಕೊಳ್ಳಬೇಕಿಲ್ಲ, ಬೇಡವಾದರೆ ತೆಗೆದುಹಾಕಬಹುದು. ಶುದ್ಧ ಅರ್ಥದಲ್ಲಿ ಇದು ಕೀಲಿಕೈ ಅಲ್ಲ, ಹೆಸರಿನ ಗುರುತು ಇದರಲ್ಲೂ ಇದೆ. ಆದರೆ ಇಷ್ಟೇ ಕೆಲಸಕ್ಕೆ ಇಷ್ಟೇ ಅಧಿಕಾರ ಎಂಬ ತತ್ವ ಅದೇ. 1975ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಕನಿಷ್ಠ ಅಧಿಕಾರದ ನಿಯಮ ಎಂದು ಬರೆದಿಟ್ಟದ್ದು ಇದನ್ನೇ.

ಹೆಸರು ಬೇಡವೇ ಬೇಡ ಎಂದು ಈ ಚರಿತ್ರೆ ಹೇಳುವುದಿಲ್ಲ. ಮೊದಲ ಕೀಲಿಕೈ ಕೊಡುವಾಗ ಯಾರಿಗೆ ಕೊಡುತ್ತಿದ್ದೇವೆ ಎಂದು ತಿಳಿಯಬೇಕು. ಏನಾದರೂ ಕೆಟ್ಟರೆ ಯಾರನ್ನು ಕೇಳಬೇಕು ಎಂದು ತಿಳಿಯಬೇಕು. ಅದಕ್ಕೆ ಹೆಸರು ಬೇಕು. ಆದರೆ ನಂಬಿಕೆ ಎನ್ನುವುದು ಮನುಷ್ಯನ ಮೇಲೆ ಒಮ್ಮೆ ಇಟ್ಟು ಮುಗಿಯುವಂಥದ್ದಲ್ಲ. ಮನೆಕೆಲಸದವರಿಗೆ ಹಿತ್ತಲ ಬಾಗಿಲ ಕೀಲಿಕೈ, ಹಾಲಿನವನಿಗೆ ಬಾಗಿಲ ಬಳಿಯ ಬುಟ್ಟಿ, ಪಕ್ಕದ ಮನೆಯವರಿಗೆ ಗಿಡಕ್ಕೆ ನೀರು ಹಾಕಲು ಗೇಟಿನ ಕೈ, ಹೀಗೆ ಕೆಲಸಕ್ಕೆ ತಕ್ಕಷ್ಟು ನಂಬಿಕೆಯನ್ನು ಅಳೆದು ಕೊಡುವುದು ನಮ್ಮ ಅಮ್ಮಂದಿರಿಗೆ ಚೆನ್ನಾಗಿ ಗೊತ್ತಿತ್ತು. ಯಾರನ್ನೂ ಅವಮಾನಿಸದೆ, ಯಾರನ್ನೂ ಪೂರ್ತಿ ಅವಲಂಬಿಸದೆ. ಕಂಪ್ಯೂಟರುಗಳಿಗೆ ಅದನ್ನು ಕಲಿಸಲು ಅರವತ್ತು ವರ್ಷ ಹಿಡಿದಿದೆ, ಇನ್ನೂ ಪೂರ್ತಿ ಕಲಿತಿಲ್ಲ.

ಈ ವಾರ ಊರಿಗೆ ಫೋನ್ ಮಾಡಿದಾಗ ಒಂದು ಕೆಲಸ ಮಾಡಿ. ಅಪ್ಪ ಅಮ್ಮನ ಯಾವ ಯಾವ ಪಾಸ್‌ವರ್ಡ್ ನಿಮ್ಮ ಬಳಿ ಇದೆ, ಅದರಲ್ಲಿ ನಿಜಕ್ಕೂ ಬೇಕಾದದ್ದು ಎಷ್ಟು ಎಂದು ಒಟ್ಟಿಗೆ ಕೂತು ಲೆಕ್ಕ ಹಾಕಿ. ಬೇಡದ್ದನ್ನು ಅವರಿಗೇ ಬದಲಿಸಲು ಹೇಳಿ. ಹೊಸದು ಏನೆಂದು ನೀವೂ ಕೇಳಬೇಡಿ.